ಕೊಡದ ನೀರು

ಆ ಸಂಜೆ ಅತ್ತೆ ಮೂರೇ ತಟ್ಟೆಗೆ ಅನ್ನ ಬಡಿಸಿದಳು. ಮಗನಿಗೆ, ಮೊಮ್ಮಗಳಿಗೆ, ತನಗೆ. ಆಮೇಲೆ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಪಾತ್ರೆಯನ್ನು ಸೊಸೆಯ ಕಡೆಗೆ ಸರಿಸಿದಳು.

"ನೀನೇ ಹಾಕ್ಕೋ," ಅಂದಳು. "ನಾನು ಹಾಕಿದ್ರೆ ಕಡಿಮೆ ಹಾಕಿದ್ಲು ಅಂತ ನಾಳೆ ನಿನ್ನ ರೋಗಿ ನೋಡ್ಕೊಳ್ಳೋ ಕ್ಲಾಸಿನಲ್ಲಿ ಹೇಳ್ತೀಯ."

ಸೊಸೆ ಸೌಟು ಮುಟ್ಟಲಿಲ್ಲ. "ಏನಾಯ್ತು ಅತ್ತೆ?"

"ನನಗೇನಾಗುತ್ತೆ? ನಾನು ಗಟ್ಟಿ ಇದ್ದೀನಿ. ಬೀದಿಯಲ್ಲಿ ನನ್ನ ಹೆಸರೂ ಗಟ್ಟಿಯಾಗಿದೆ. ಬಾಯಿ ಒಣಗಿ ಮಲಗಿದ್ದ ಸೊಸೆಗೆ ಒಂದು ಹನಿ ನೀರು ಕೊಡದ ಅತ್ತೆ ಅಂತ."

ಮಗ, ಗಿರಣಿಯವನು, ಅನ್ನಕ್ಕೆ ಬೇಳೆ ಕಲಸುತ್ತ, "ಯಾರಮ್ಮ ಹೇಳಿದ್ದು?" ಎಂದ. ಅವನ ಹುಬ್ಬಿನ ಮೇಲೆ ಹಿಟ್ಟು ಇನ್ನೂ ಕೂತಿತ್ತು. ಮನೆಯ ಮುಂದಿನ ಕೋಣೆಯೇ ಗಿರಣಿ. ಅಲ್ಲಿಂದ ಊಟಕ್ಕೆ ಬರುವಾಗ ಅವನು ಕೈ ತೊಳೆಯುತ್ತಿದ್ದ, ಮುಖ ಮರೆಯುತ್ತಿದ್ದ.

"ಯಾರು ಹೇಳಿದ್ರೇನು? ಟೈಲರ್ ತಂಗಿ ಇವಳ ಜೊತೆಗೇ ಕಲೀತಾ ಇದ್ದಾಳಲ್ಲ. ಈ ಕೆಲಸಕ್ಕೆ ಯಾಕೆ ಬಂದ್ರಿ ಅಂತ ಕಲಿಸೋ ದೊಡ್ಡ ಸಿಸ್ಟರ್ ಕೇಳಿದ್ರಂತೆ. ಇವಳು ಎದ್ದು ನಿಂತು ಹರಿಕಥೆ ಮಾಡಿದ್ಲಂತೆ. ಅರ್ಧ ಜನ ಕಣ್ಣು ಒರೆಸಿಕೊಂಡ್ರಂತೆ. ಟೈಲರ್ ತಂಗಿಯೂ ಒರೆಸಿಕೊಂಡು, ನೇರವಾಗಿ ನನ್ನ ಹತ್ತಿರ ಬಂದು, ಅಯ್ಯೋ ನೀವು ಅಂಥೋರಾ ಅಂತ ಕೇಳಿದ್ಲು."

ಸೊಸೆ ಹಾಗೆ ಹೇಳಿದ್ದು ನಿಜ, ಹೇಳಿದ್ದು ಸುಳ್ಳೂ ಅಲ್ಲ.

ಮಗಳು ಗುಬ್ಬಿ ಒಂದನೇ ತರಗತಿಯಲ್ಲಿದ್ದಾಗ ಸೊಸೆಗೆ ಒಂದು ಕಾಯಿಲೆ ಬಂದಿತ್ತು. ಪಾದ ಜೋಮು ಹಿಡಿದಂತೆ ಶುರುವಾದದ್ದು ಸೊಂಟಕ್ಕೆ, ಕೈಗೆ, ಕೊನೆಗೆ ಗಂಟಲಿಗೆ ಏರಿತು. ನರಗಳು ಸೋತಿವೆ, ನಿಧಾನವಾಗಿ ಚೇತರಿಸಿಕೊಳ್ಳುತ್ತವೆ ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದ್ದರು. ರೆಪ್ಪೆ ಆಡಿಸುವುದು, ಕಷ್ಟಪಟ್ಟು ನುಂಗುವುದು ಬಿಟ್ಟರೆ ಅವಳ ಕೈಲಿ ಬೇರೇನೂ ಆಗುತ್ತಿರಲಿಲ್ಲ. ಆ ಕಾಲದಲ್ಲಿ ಅವಳ ಮೈ ತೊಳೆದವಳು, ಮಗ್ಗುಲು ಬದಲಿಸಿದವಳು, ಹಾಸಿಗೆಯ ಕೆಳಗಿನ ಪಾತ್ರೆ ಎತ್ತಿದವಳು ಅತ್ತೆಯೇ. ಗಿರಣಿಯ ನುಣ್ಣನೆಯ ಹಿಟ್ಟಿನಿಂದ ಗಂಜಿ ಕಾಯಿಸಿ, ಚಮಚ ಚಮಚವಾಗಿ ಇಳಿಸಿದವಳೂ ಅವಳೇ. ಆದರೆ ನೀರು ಕೊಡುತ್ತಿರಲಿಲ್ಲ. ಸೊಸೆ ನೀರಿನ ಬಿಂದಿಗೆಯನ್ನೇ ನೋಡುತ್ತ ಮಲಗಿರುತ್ತಿದ್ದಳು. ಅತ್ತೆ ಅದನ್ನು ಕಂಡೂ ಕಾಣದಂತೆ ಗಂಜಿಯ ಬಟ್ಟಲು ತರುತ್ತಿದ್ದಳು. ಒಂದು ದಿನ ಬಿಂದಿಗೆಯನ್ನೇ ಎತ್ತಿ, ಮಕ್ಕಳ ಕೈಗೆ ಎಟುಕದ ಮೇಲಿನ ಹಲಗೆಯ ಮೇಲಿಟ್ಟುಬಿಟ್ಟಳು. ಅದಕ್ಕೆ ಮುಂಚೆ ನೀರು ಕೊಟ್ಟದ್ದೆಂದರೆ ಗುಬ್ಬಿ ಒಬ್ಬಳೇ, ಅಜ್ಜಿ ಗಿರಣಿಯಲ್ಲಿದ್ದಾಗ, ಪುಟ್ಟ ಲೋಟದಲ್ಲಿ, ಕದ್ದು.

ಕ್ಲಾಸಿನಲ್ಲಿ ಅವಳು ಇದನ್ನೇ ಹೇಳಿದ್ದಳು. ಹಾಸಿಗೆಯಲ್ಲಿರುವವರ ಬಾಯಾರಿಕೆ ನನಗೆ ಗೊತ್ತು, ಅದಕ್ಕೇ ಬಂದೆ ಎಂದಿದ್ದಳು.

"ನಾನು ನಿಮ್ಮನ್ನ ಬೈದು ಹೇಳಿದ್ದಲ್ಲ ಅತ್ತೆ."

"ಹೊಗಳಿ ಹೇಳಿದ್ಯಾ?"

"ಅಮ್ಮ, ಅನ್ನ ಆರುತ್ತೆ," ಎಂದ ಗಿರಣಿಯವನು.

"ಆರಲಿ ಬಿಡು. ನಿನ್ನ ಹೆಂಡತಿ ಇನ್ನು ಮೇಲೆ ಕಂಡೋರ ಮನೆಯಲ್ಲಿ ಬಿಸಿ ಅನ್ನ ತಿನ್ನಿಸೋಕೆ ಹೋಗ್ತಾಳೆ. ನಾನು ಮಾಡಿದ್ದನ್ನೇ ಮಾಡೋಕೆ ಹೋಗ್ತಾಳೆ. ಅದಕ್ಕೆ ಸಂಬಳ ಬೇರೆ. ನನಗೆ ಸಿಕ್ಕಿದ್ದು ಈ ಹೆಸರು."

ಅವಳು ತಟ್ಟೆ ಎತ್ತಿಕೊಂಡು ಹೋಗಿ ಗಿರಣಿಯ ಚೀಲಗಳ ಮೇಲೆ ಕೂತು ಉಂಡಳು. ಅಂದಿನಿಂದ ಸೊಸೆಯ ಜೊತೆ ಮಾತು ನಿಂತಿತು. ಹೇಳಬೇಕಾದದ್ದೆಲ್ಲ ಗುಬ್ಬಿಯ ಮೂಲಕ ಹೋಗತೊಡಗಿತು. "ಉಪ್ಪು ಮುಗಿದಿದೆ ಅಂತ ನಿಮ್ಮಮ್ಮನಿಗೆ ಹೇಳು," ಎನ್ನುವಳು, ಅಮ್ಮ ಪಕ್ಕದಲ್ಲೇ ನಿಂತಿರುವಾಗ.

"ಅಮ್ಮ, ಉಪ್ಪು ಮುಗಿದಿದೆ," ಎಂದು ಗುಬ್ಬಿ ಹೇಳುವಳು. "ಅಜ್ಜಿ, ತರ್ತಾಳಂತೆ. ನನಗೂ ಸಂಬಳ ಕೊಡಿ, ದಿನವಿಡೀ ಟಪಾಲು ಹಂಚ್ತಾ ಇದ್ದೀನಿ."

ಯಾರೂ ನಗಲಿಲ್ಲ.

ಕಲಿಕೆ ಮುಗಿದ ಮೇಲೆ, ಕ್ಲಾಸು ನಡೆಸಿದ ಆರೈಕೆ ಕೇಂದ್ರದವರು ಸೊಸೆಗೆ ರೋಗಿಯನ್ನು ನೋಡಿಕೊಳ್ಳಲು ಮೊದಲ ಮನೆ ಕೊಟ್ಟರು. ರೋಗಿ ಬಸ್ ಡ್ರೈವರ್ ಆಗಿದ್ದವರು. ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು, ಮಾತು ಹೋಗಿತ್ತು. ಮನೆಯಲ್ಲಿ ಅವರ ಹೆಂಡತಿ ಒಬ್ಬರೇ, ಅವರಿಗೂ ಮಂಡಿನೋವು. ಒಂದು ತಿಂಗಳು ನೋಡುತ್ತೇವೆ, ಸರಿಹೋದರೆ ಕೆಲಸ ಖಾಯಂ ಎಂದಿದ್ದರು ದೊಡ್ಡ ಸಿಸ್ಟರ್. ಕೇಂದ್ರದ ಕೆಲಸಗಾರರೆಲ್ಲ ಅವರ ಕೈಕೆಳಗೆ.

ಮನೆಯ ಕೆಲಸ ಎಲ್ಲ ಏರುಪೇರಾಯಿತು. ಬೆಳಿಗ್ಗೆ ಗಿರಣಿಯ ತಕ್ಕಡಿ ಹಿಡಿಯುತ್ತಿದ್ದವಳು ಸೊಸೆ. ಈಗ ಅಲ್ಲಿ ಅತ್ತೆ ಕೂತಳು. ಅವಳು ಕೂತ ಮೇಲೆ ಗಿರಾಕಿಗಳು ಚೌಕಾಸಿ ಮಾಡುವುದನ್ನು ಬಿಟ್ಟರು. ಬೆಳಗಿನ ಅಡುಗೆ ಗುಬ್ಬಿಯ ಪಾಲಿಗೆ ಬಂತು.

"ಇದೇನಮ್ಮ ಇದು?" ಗಿರಣಿಯವನು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ.

"ರೊಟ್ಟಿ ಅಪ್ಪ."

"ಈ ಕಡೆ ರೊಟ್ಟಿ. ಆ ಕಡೆ?"

"ಆ ಕಡೆ ಇದ್ದಿಲು," ಎಂದಳು ಅಜ್ಜಿ. "ತಿನ್ನು, ಹಲ್ಲು ಬೆಳ್ಳಗಾಗುತ್ತೆ."

ಸೊಸೆ ಅಷ್ಟು ಹೊತ್ತಿಗೆ ಡ್ರೈವರ ಮನೆಯಲ್ಲಿ ನೀರು ಕಾಯಿಸುತ್ತಿರುತ್ತಿದ್ದಳು. ಮೈ ಒರೆಸುವ ಬಟ್ಟೆಯನ್ನು ಮೊದಲು ತನ್ನ ಮೊಣಕೈಗೆ ಇಟ್ಟು ಬಿಸಿ ನೋಡುವಳು. ಹೇಳದೆ ಮುಟ್ಟುತ್ತಿರಲಿಲ್ಲ.

"ಎಡಕ್ಕೆ ತಿರುಗೋಣ ಯಜಮಾನ್ರೇ. ಹಿಂದೆ ಯಾವ ಗಾಡಿಯೂ ಬರ್ತಾ ಇಲ್ಲ, ನೋಡಿದ್ದೀನಿ."

ಡ್ರೈವರ ಅರ್ಧ ಬಾಯಿ ನಗುತ್ತಿತ್ತು. ಸರಿಯಿದ್ದ ಎಡಗೈ ಹೊದಿಕೆಯ ಮೇಲೆ ಸ್ಟೇರಿಂಗ್ ತಿರುಗಿಸುವಂತೆ ಸ್ವಲ್ಪ ಆಡುತ್ತಿತ್ತು. "ಇಷ್ಟು ದಿನದಲ್ಲಿ ಇವರು ನಕ್ಕಿದ್ದು ನಿನ್ನ ಮುಂದೆಯೇ," ಎಂದು ಅವರ ಹೆಂಡತಿ ಅವಳಿಗೆ ಇನ್ನೊಂದು ಲೋಟ ಚಹಾ ಕೊಟ್ಟರು.

ಡ್ರೈವರಿಗೆ ಕುಡಿಸುವ ನೀರಿಗೆ ಒಂದು ಪುಡಿ ಕಲಸಬೇಕಿತ್ತು. ಕಲಸಿದರೆ ನೀರು ಗಂಜಿಯಂತಾಗುತ್ತಿತ್ತು. ದೊಡ್ಡ ಸಿಸ್ಟರ್ ಮೊದಲ ದಿನವೇ ಬಂದು, ಕಲಸಿ ತೋರಿಸಿ ಹೋಗಿದ್ದರು. "ಬರೀ ನೀರು ತೆಳು. ಇವರ ಗಂಟಲು ಮುಚ್ಚಿಕೊಳ್ಳೋದರೊಳಗೆ ಓಡಿ ಶ್ವಾಸಕೋಶಕ್ಕೆ ಇಳಿಯುತ್ತೆ. ಒಂದು ಚಮಚವೂ ಬೇಡ." ಇದನ್ನೇ ಕ್ಲಾಸಿನಲ್ಲಿ ಹೇಳಿದಾಗ ಸೊಸೆ ಕೇಳಿದ್ದಳು: "ಸಿಸ್ಟರ್, ನನಗೆ ನನ್ನ ಮಗಳು ಕದ್ದು ಕೊಡ್ತಿದ್ಲು. ನನಗೇನೂ ಆಗಲಿಲ್ವಲ್ಲ?" ಸಿಸ್ಟರ್ ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಅದೃಷ್ಟ," ಎಂದಿದ್ದರು.

ಡ್ರೈವರು ಆ ಗಂಜಿನೀರನ್ನು ನುಂಗುತ್ತಿದ್ದರು. ನುಂಗಿದ ಮೇಲೆ ಕಣ್ಣು ಮೇಜಿನ ಮೇಲಿದ್ದ ಗಾಜಿನ ಹೂಜಿಯ ಕಡೆಗೆ ಹೋಗುತ್ತಿತ್ತು. ಆಮೇಲೆ ಅವಳ ಕಡೆಗೆ. ಮತ್ತೆ ಹೂಜಿಗೆ. ಎಡಗೈಯ ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು ತೋರಿಸುತ್ತಿದ್ದರು.

"ಆಗಲ್ಲ ಯಜಮಾನ್ರೇ," ಎಂದಳು ಮೊದಲ ವಾರವೆಲ್ಲ.

ಎರಡನೇ ವಾರ ಒಂದು ಮಧ್ಯಾಹ್ನ ಡ್ರೈವರ ಕಣ್ಣಿಂದ ನೀರಿಳಿದು ಕಿವಿಯೊಳಗೆ ಹೋಯಿತು. ಅವರ ಹೆಂಡತಿ ಒಳಗೆ ಮಲಗಿದ್ದರು. ಅವಳು ಟವೆಲ್ಲಿನಿಂದ ಕಿವಿ ಒರೆಸಿದಳು. ಬಾಗಿಲ ಕಡೆ ನೋಡಿದಳು. ಹೂಜಿಯಿಂದ ಒಂದು ಚಮಚ ನೀರು ತೆಗೆದು ಕೊಟ್ಟಳು.

ಕೆಮ್ಮಲಿಲ್ಲ. ಏನೂ ಆಗಲಿಲ್ಲ. ಡ್ರೈವರು ಕಣ್ಣು ಮುಚ್ಚಿ ನಾಲಗೆ ಆಡಿಸಿದರು. ಇನ್ನೊಂದು ಚಮಚ ಕೊಟ್ಟಳು. ಅವರು ಅವಳ ಮಣಿಕಟ್ಟನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ.

ಆಮೇಲೆ ಅದು ದಿನವೂ ನಡೆಯಿತು. ಮನೆಗೆ ಬಂದಾಗ ಅವಳ ಮುಖ ಗೆಲುವಾಗಿರುತ್ತಿತ್ತು. ಗುಬ್ಬಿಯ ಜೊತೆ ಪಾತ್ರೆ ತೊಳೆಯುತ್ತ ಹಾಡಿನ ತುಣುಕು ಗುನುಗುವಳು. ತಕ್ಕಡಿಯ ಹಿಂದೆ ಕೂತ ಅತ್ತೆ, "ನಿಮ್ಮಮ್ಮನಿಗೆ ಕಂಡೋರ ಮನೆ ಚೆನ್ನಾಗಿ ಹಿಡಿಸಿದೆ," ಎಂದು ಗುಬ್ಬಿಗೆ ಹೇಳುವಳು.

ತಿಂಗಳು ತುಂಬುವ ಮುಂಚೆ, ಒಂದು ಬೆಳಿಗ್ಗೆ ಅವಳು ಹೋದಾಗ ಡ್ರೈವರ ಮೈ ಕಾದ ಹೆಂಚಿನಂತಾಗಿತ್ತು. ಉಸಿರಿನಲ್ಲಿ ಗೊರಗೊರ ಸದ್ದು. ತುಟಿಯ ಬಣ್ಣ ಕೆಟ್ಟಿತ್ತು. ಆಂಬುಲೆನ್ಸ್ ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಡ್ರೈವರ ಹೆಂಡತಿ ಮಂಡಿ ನೀವಿಕೊಳ್ಳುತ್ತ, "ಕಿಟಕಿ ತೆಗೆದು ಮಲಗಿಸಿದ್ದೆ, ತಂಡಿ ಹೊಡೀತು, ನಂದೇ ತಪ್ಪು," ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ದೊಡ್ಡ ಸಿಸ್ಟರ್ ಬಂದು ಸೊಸೆಯನ್ನು ಪಕ್ಕಕ್ಕೆ ಕರೆದರು.

"ನೀರು ಹೇಗೆ ಕೊಡ್ತಿದ್ರಿ?"

"ಪುಡಿ ಕಲಸಿಯೇ ಸಿಸ್ಟರ್."

"ಪ್ರತಿ ಸಲವೂ?"

"ಪ್ರತಿ ಸಲವೂ."

ಮನೆಗೆ ಬಂದಾಗ ಗಿರಣಿ ಆಗಲೇ ನಿಂತಿತ್ತು. ಗಿರಣಿಯವನು ಬೆಲ್ಟ್ ತರಲು ಪೇಟೆಗೆ ಹೋಗಿದ್ದ, ಗುಬ್ಬಿ ಶಾಲೆಯಲ್ಲಿದ್ದಳು. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ತೌಡು ಜರಡಿ ಹಿಡಿಯುತ್ತಿದ್ದಳು. ಸೊಸೆ ಎರಡು ಮೆಟ್ಟಿಲು ಕೆಳಗೆ ಕೂತಳು. ಸುದ್ದಿ ದಾಟಿಸಲು ಗುಬ್ಬಿ ಇರಲಿಲ್ಲ.

"ಬೇಗ ಬಂದೆ," ಎಂದಳು ಅತ್ತೆ ಕೊನೆಗೆ.

"ಅವರನ್ನ ಆಸ್ಪತ್ರೆಗೆ ಸೇರಿಸಿದ್ದಾರೆ. ಜ್ವರ. ಉಸಿರಾಡೋಕೆ ಆಗ್ತಾ ಇಲ್ಲ."

ಜರಡಿ ನಿಂತಿತು. "ಎದೆಯಲ್ಲಿ ಗೊರಗೊರ ಅಂತಿದೆಯಾ?"

"ಹೂಂ."

"ತುಟಿ ಕಪ್ಪಾಗಿದೆಯಾ?"

"ನಿಮಗೆ ಹೇಗೆ ಗೊತ್ತು?"

"ನೀರು ಕೊಟ್ಯಾ?"

ಸೊಸೆ ಮುಖ ಮುಚ್ಚಿಕೊಂಡಳು. "ಅವರು ಅಳ್ತಾ ಇದ್ರು ಅತ್ತೆ. ದಿನಾ ಎರಡು ಚಮಚ. ನಾನು ಹಾಗೇ ಮಲಗಿದ್ದವಳಲ್ವಾ? ಗುಬ್ಬಿ ಕೊಟ್ಟಾಗ ನನಗೇನೂ ಆಗಿರಲಿಲ್ಲ, ಅದಕ್ಕೇ ಇವರಿಗೂ—"

"ಆಗಿತ್ತು."

ಅತ್ತೆ ಜರಡಿಯನ್ನು ಮೊಣಕಾಲಿಗೆ ತಟ್ಟಿ ಪಕ್ಕಕ್ಕಿಟ್ಟಳು. ಹೇಳುವಾಗ ಸೊಸೆಯ ಕಡೆ ನೋಡಲಿಲ್ಲ, ಗೋಡೆಯ ಆಚೆ ಒಣಹಾಕಿದ್ದ ಚೀಲಗಳನ್ನು ನೋಡುತ್ತಿದ್ದಳು.

"ನಿನ್ನ ಎರಡನೇ ಸಲ ಆಸ್ಪತ್ರೆಗೆ ಒಯ್ದೆವಲ್ಲ, ಕಾಯಿಲೆ ಮರುಕಳಿಸಿತು ಅಂತ ನಿನಗೆ ಹೇಳಿದ್ವಲ್ಲ. ಕಾಯಿಲೆ ಮರುಕಳಿಸಿರಲಿಲ್ಲ. ಅದಕ್ಕೆ ಎರಡು ದಿನ ಮುಂಚೆ ನಾನು ಗಿರಣಿಯಿಂದ ಒಳಗೆ ಬಂದೆ. ಗುಬ್ಬಿ ಲೋಟ ಹಿಡಕೊಂಡು ಓಡಿಹೋಯ್ತು. ನಿನ್ನ ದಿಂಬು ಒದ್ದೆ ಇತ್ತು. ನಿನ್ನ ಕಣ್ಣು ನಗ್ತಾ ಇತ್ತು. ಬರೀ ನೀರು ಬೇಡ, ಎದೆಗೆ ಇಳಿಯುತ್ತೆ ಅಂತ ಡಾಕ್ಟರು ನನಗೆ ಮೊದಲೇ ಹೇಳಿದ್ರು. ಅದೇ ಆಯ್ತು, ಗೊರಗೊರ ಶುರುವಾಯ್ತು. ಇವಳು ಉಳಿಯೋದು ಕಷ್ಟ ಅಂದ್ರು ಡಾಕ್ಟರು."

"ನೀವು ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳಲಿ? ಮಗು ಅದು. ಅಮ್ಮನ್ನ ನಾನೇ ಸಾಯಿಸ್ತಿದ್ದೆ ಅಂತ ತಲೆಯಲ್ಲಿ ಇಟ್ಕೊಂಡು ದೊಡ್ಡದಾಗಬೇಕಿತ್ತಾ? ನಿನಗೆ ಹೇಳಿದ್ರೆ ನೀನು ಅದರ ಮುಖ ನೋಡೋ ಬಗೆ ಬೇರೆ ಆಗೋದು. ನಿನ್ನ ಗಂಡನಿಗಂತೂ ಹೇಳೋ ಹಾಗೇ ಇಲ್ಲ. ಇವನ ಬಾಯಿ ಗಿರಣಿ ಇದ್ದ ಹಾಗೆ, ಈ ಕಡೆ ಹಾಕಿದ್ದು ಆ ಕಡೆ ಬಂದುಬಿಡುತ್ತೆ. ಬಿಂದಿಗೆ ತೆಗೆದು ಮೇಲಿಟ್ಟೆ. ಡಾಕ್ಟರು ಯಾರು ನೀರು ಕೊಟ್ಟಿದ್ದು ಅಂತ ಕೇಳಿದಾಗ, ನಾನೇ ಅಂದೆ."

"ನೀವೇ ಅಂದ್ರಾ?"

"ವಾರ್ಡಿನಲ್ಲಿ ಎಲ್ಲರ ಎದುರಿಗೆ ಬೈದ್ರು. ನಿನಗೆ ಬುದ್ಧಿ ಇದೆಯಾ, ಸೊಸೆಯನ್ನ ಕೊಲ್ಲಬೇಕು ಅಂತಿದ್ದೀಯಾ ಅಂದ್ರು. ಬೈಸಿಕೊಂಡೆ. ನನ್ನ ವಯಸ್ಸಿಗೆ ಬೈಗುಳ ಏನು ಮಹಾ. ಆದರೆ ಹೇಳಿದ್ದು ಒಳ್ಳೇದಾಯ್ತು. ಹೇಳಿದ ಮೇಲೇ ಅವರು ಔಷಧಿ ಬದಲಾಯಿಸಿದ್ದು." ಈಗ ಅವಳು ತಿರುಗಿ ನೋಡಿದಳು. "ನೀನು ಹೇಳಿದ್ಯಾ?"

ಸೊಸೆ ಇಲ್ಲವೆಂದು ತಲೆಯಾಡಿಸಿದಳು.

"ಏಳು ಮತ್ತೆ. ಇಲ್ಲಿ ಕೂತು ನನ್ನ ಮುಂದೆ ಅತ್ತರೆ ಅವರ ಎದೆ ಖಾಲಿ ಆಗುತ್ತಾ?"

"ಕೆಲಸ ಹೋಗುತ್ತೆ ಅತ್ತೆ."

"ಹೋಗಲಿ. ಮೊದಲು ಮನುಷ್ಯ ಉಳೀಲಿ."

ಅವಳು ಎದ್ದಳು. ಅತ್ತೆಯೂ ಎದ್ದು ಕೈಗೆ ಅಂಟಿದ ತೌಡನ್ನು ಕೊಡವಿದಳು. ಬಾಗಿಲವರೆಗೆ ಬಂದು, "ಗುಬ್ಬಿಗೆ ತಿಳಿಯಬಾರದು," ಎಂದಳು. ಅದೊಂದೇ ಮಾತನ್ನು ಅವಳು ಬೇಡಿಕೊಳ್ಳುವ ದನಿಯಲ್ಲಿ ಹೇಳಿದ್ದು.

ಆಸ್ಪತ್ರೆಯಲ್ಲಿ ಡಾಕ್ಟರು ಬೈಯಲಿಲ್ಲ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂದು ಕೇಳಿ, ಬರೆದುಕೊಂಡು ಬೇಗ ಒಳಗೆ ಹೋದರು. ದೊಡ್ಡ ಸಿಸ್ಟರ್ ಅವಳ ಗುರುತಿನ ಚೀಟಿಯನ್ನು ಕೈ ಚಾಚಿ ತೆಗೆದುಕೊಂಡರು. "ಬೆಳಿಗ್ಗೆ ಯಾಕೆ ಹೇಳಲಿಲ್ಲ?" ಎಂದರು. ಬೆಂಚಿನ ಮೇಲಿದ್ದ ಡ್ರೈವರ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದರು. ಮಂಡಿ ನೀವುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು, ಆಮೇಲೆ ಬೆನ್ನು ತಿರುಗಿಸಿ ಕೂತರು.

ಸೊಸೆ ಮತ್ತೆ ಗಿರಣಿಯ ತಕ್ಕಡಿಯ ಹಿಂದೆ ಬಂದು ಕೂತಳು. "ಸಂಬಳದ ಕೆಲಸ ಏನಾಯ್ತು?" ಎಂದು ಟೈಲರ್ ತಂಗಿ ಹಿಟ್ಟು ಬೀಸಿಸುವ ನೆವದಲ್ಲಿ ಬಂದು ಕೇಳಿದಳು. ಸೊಸೆ ಬಾಯಿ ತೆರೆಯುವ ಮುಂಚೆ ಒಳಗಿನಿಂದ ಅತ್ತೆಯ ದನಿ ಬಂತು: "ರಜೆ ಹಾಕಿದ್ದಾಳೆ. ನಿನ್ನ ಗೋಧಿಯಲ್ಲಿ ಕಲ್ಲಿದೆ, ಆರಿಸ್ಕೊಂಡು ಬಾ."

ಗಿರಣಿಯವನಿಗೆ ಸೊಸೆ ತಾನು ಮಾಡಿದ ತಪ್ಪನ್ನಷ್ಟೇ ಹೇಳಿದ್ದಳು, ಗುಬ್ಬಿಗೆ ಡ್ರೈವರಿಗೆ ಜ್ವರ ಎಂದಷ್ಟೇ. ಅವನು ಕೇಳಿ, ಗಿರಣಿಯ ಚಕ್ರಕ್ಕೆ ಎಣ್ಣೆ ಹಚ್ಚುತ್ತ ಕೂತ. "ಆ ಮನುಷ್ಯ ಉಳಿದರೆ ಸಾಕು," ಎಂದ. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಆಸ್ಪತ್ರೆಯ ಸುದ್ದಿಯನ್ನೇ ಕೇಳುತ್ತಿದ್ದರು. ಕೇಂದ್ರಕ್ಕೆ ಫೋನ್ ಮಾಡಿ ತಿಳಿದುಕೊಳ್ಳುತ್ತಿದ್ದವನು ಅವನೇ. ಜ್ವರ ಇಳಿಯಿತು. ಉಸಿರಿನ ನಳಿಕೆ ತೆಗೆದರು. ಮನೆಗೆ ಕಳಿಸಿದರು.

ಮನೆಗೆ ಕಳಿಸಿದ ಕೆಲವು ದಿನಕ್ಕೆ ಡ್ರೈವರ ಹೆಂಡತಿ ಬಾಡಿಗೆ ಆಟೋದಲ್ಲಿ ಬಂದು ಗಿರಣಿಯ ಮುಂದೆ ಇಳಿದರು. ಮೆಟ್ಟಿಲು ಹತ್ತಲಾಗದೆ ಕೆಳಗೇ ನಿಂತು ಮಾತಾಡಿದರು.

"ಬೇರೆ ಹುಡುಗಿಯನ್ನ ಕಳಿಸಿದ್ರು. ಚೆನ್ನಾಗಿ ಮಾಡ್ತಾಳೆ. ಆದರೆ ಮಧ್ಯಾಹ್ನ ನಾನು ಮಲಗಿದಾಗ ಅವಳೇನು ಮಾಡ್ತಾಳೆ ಅಂತ ನನಗೆ ನಿದ್ದೆ ಬರಲ್ಲ. ಎದ್ದು ಎದ್ದು ನೋಡ್ತೀನಿ. ನೀನು ಮಾಡಿದ್ದು ನನಗೆ ಗೊತ್ತು. ಮತ್ತೆ ಮಾಡಲ್ಲ ಅನ್ನೋದೂ ಗೊತ್ತು. ನಿನ್ನನ್ನೇ ಕಳಿಸಿ ಅಂತ ಸಿಸ್ಟರಿಗೆ ಹೇಳಿ ಒಪ್ಪಿಸಿದ್ದೀನಿ. ಇನ್ನೊಂದು ಸಲ ಅಂತ ಇಲ್ಲ, ಆಯ್ತಾ?"

ಸೊಸೆ ತಕ್ಕಡಿಯ ಹಿಂದಿನಿಂದ ಏಳಲಾರದೆ ಅತ್ತೆಯ ಕಡೆ ನೋಡಿದಳು.

"ನನ್ನನ್ನೇನು ನೋಡ್ತೀಯ?" ಎಂದಳು ಅತ್ತೆ. "ಅಲ್ಲಿಂದ ಏಳು. ಬೂಸಾ ಅಳೆಯೋದಕ್ಕೆ ನಾನಿದ್ದೀನಿ."

ಡ್ರೈವರು ಇನ್ನೂ ಬಡವಾಗಿದ್ದರು. ಅವಳನ್ನು ಕಂಡ ಕೂಡಲೇ ಅರ್ಧ ಬಾಯಿ ಅರಳಿತು, ಕಣ್ಣು ನೆಟ್ಟಗೆ ಹೂಜಿಗೆ ಹೋಯಿತು. ಅವಳು ಹೂಜಿಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟು ಬಂದಳು. ಪುಡಿ ಕಲಸಿದ ನೀರಿನ ಬಟ್ಟಲು ತಂದು ಪಕ್ಕದಲ್ಲಿ ಕೂತಳು.

"ಇದೇ ಯಜಮಾನ್ರೇ. ಇನ್ನು ಮೇಲೆ ಇದೇ. ಡಾಕ್ಟರು ಸರಿ ಅನ್ನೋವರೆಗೂ."

ಅವರು ಮೊದಲು ನಂಬಲಿಲ್ಲ. ಹೆಬ್ಬೆರಳನ್ನು ಬಾಯಿಗೆ ತಂದು ತೋರಿಸಿದರು, ಮತ್ತೆ ತೋರಿಸಿದರು. ಆಮೇಲೆ ಚಮಚವನ್ನು ಎಡಗೈಯಿಂದ ಹೊಡೆದುಬಿಟ್ಟರು. ಗೋಡೆಯ ಕಡೆ ಮುಖ ತಿರುಗಿಸುವ ಮುಂಚೆ ಅವರು ನೋಡಿದ ನೋಟ ಅವಳಿಗೆ ಪರಿಚಿತವೇ. ಅದು ಇನ್ನೊಂದು ಕೋಣೆಯಲ್ಲಿ, ಇನ್ನೊಬ್ಬ ಹೆಂಗಸಿನ ಮೇಲೆ ಅವಳೇ ಬೀರಿದ್ದು. ಅವಳು ನೆಲ ಒರೆಸಿ, ಚಮಚ ತೊಳೆದು ತಂದು, ಮತ್ತೆ ಕೂತಳು. ಸಂಜೆಯವರೆಗೆ ಬಟ್ಟಲನ್ನು ಅರ್ಧ ಖಾಲಿ ಮಾಡಿಸಿದಳು.

ಆ ದಿನ ಊಟಕ್ಕೆ ಕೂತಾಗ ಅತ್ತೆ ನಾಲ್ಕು ತಟ್ಟೆಗೂ ಬಡಿಸಿದಳು.

"ಹೇಗಿದ್ದಾರೆ?" ಎಂದು ಕೇಳಿದ ಗಿರಣಿಯವನು.

"ನನ್ನ ಮೇಲೆ ಕೋಪ. ನಾನು ಹೇಳದೆ ಮುಟ್ಟಿದರೂ ಇಷ್ಟು ಕೋಪ ಮಾಡ್ತಿರಲಿಲ್ಲ. ಮುಖ ನೋಡಲ್ಲ, ನಗಲ್ಲ."

"ಪಾಪ," ಎಂದಳು ಗುಬ್ಬಿ. "ಒಂದೇ ಒಂದು ಚಮಚ ಕೊಟ್ಟರೂ ಆಗಲ್ವಾ ಅಮ್ಮ? ನಾನು ನಿನಗೆ ಕೊಡ್ತಿರಲಿಲ್ವಾ, ಅಜ್ಜಿ ಕಣ್ಣು ತಪ್ಪಿಸಿ? ನೀನೇ ಎಲ್ಲರ ಹತ್ತಿರ ಹೇಳ್ತೀಯ, ಗುಬ್ಬಿ ಕೊಟ್ಟ ನೀರಿಂದ ಬದುಕಿದೆ ಅಂತ. ಅಜ್ಜಿ ಹಾಗೆ ಕಲ್ಲಾಗಬೇಡ ನೀನು."

ಅತ್ತೆಯ ಕೈಯಲ್ಲಿದ್ದ ತುತ್ತು ತಟ್ಟೆಯ ಅಂಚಿನಲ್ಲಿ ನಿಂತಿತು. ಗಿರಣಿಯವನು, "ಏಯ್, ಮಾತು ನೋಡಿಕೊಂಡು ಆಡು," ಎಂದ.

ಸೊಸೆ ನಿಧಾನವಾಗಿ ನುಂಗಿದಳು. "ಅಜ್ಜಿ ಕೊಡದೆ ಇದ್ದಿದ್ದಕ್ಕೇ ನಾನು ಎದ್ದು ಕೂತದ್ದು, ಗುಬ್ಬಿ. ಆಗ ನನಗೆ ಗೊತ್ತಿರಲಿಲ್ಲ, ಕ್ಲಾಸಿನಲ್ಲಿ ತಪ್ಪು ಹೇಳಿದೆ. ನಾಳೆ ಸಿಸ್ಟರ ಹತ್ತಿರ ಹೋಗಿ ಸರಿಯಾಗಿ ಹೇಳ್ತೀನಿ. ಟೈಲರ್ ತಂಗಿಗೂ ಹೇಳ್ತೀನಿ."

ಹುಡುಗಿ ಅಮ್ಮನನ್ನು, ಅಜ್ಜಿಯನ್ನು ನೋಡಿದಳು. ಅವಳ ದನಿ ಸಣ್ಣದಾಯಿತು. "ಮತ್ತೆ ನಾನು ಕೊಟ್ಟಿದ್ದು? ಅದರಿಂದ ನಿನಗೇನಾದ್ರೂ ಆಯ್ತಾ?"

"ಏನೂ ಆಗಲಿಲ್ಲ," ಎಂದಳು ಅವಳು, ತಡಮಾಡದೆ. "ನೀನು ಕೊಟ್ಟಾಗ ಎದ್ದು ಕೂರಬೇಕು ಅನ್ನಿಸ್ತು, ಅಷ್ಟೇ."

ಗುಬ್ಬಿ ಅದನ್ನು ಒಪ್ಪಿಕೊಂಡು, ತಟ್ಟೆಗೆ ಬಾಗಿದಳು. ಅತ್ತೆ ತುತ್ತನ್ನು ಬಾಯಿಗಿಟ್ಟುಕೊಂಡಳು. ಅಗಿಯುತ್ತ ಅಗಿಯುತ್ತ ಅವಳ ಗಂಟಲಿಗೆ ಏನೋ ಸಿಕ್ಕಿಕೊಂಡಂತಾಗಿ ಕೆಮ್ಮು ಬಂತು. ಮಗ ಬೆನ್ನು ತಟ್ಟಲು ಎದ್ದ. ಅವಳು ಕೈಯಾಡಿಸಿ ಅವನನ್ನು ಕೂರಿಸಿ, ಸೊಸೆಯ ಕಡೆ ತಿರುಗಿದಳು.

"ನೋಡ್ತಾ ಕೂತಿದ್ದೀಯಲ್ಲ," ಎಂದಳು. "ಒಂದು ಲೋಟ ನೀರು ಕೊಡು."